ಚುಕ್ಕಿ ಓಡುತ್ತವೆ, ಕೋಡ್ ಇಳಿಯುವುದಿಲ್ಲ: ಇಎಸ್‌ಪಿ32 ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಇಎಸ್‌ಪಿ32 ಎಂಬ ಒಂದೇ ಮೈಕ್ರೊಕಂಟ್ರೋಲರ್ ಬೋರ್ಡಿನ ಸುತ್ತ ಇವೆ. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಈ ಚಿಪ್ಪಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಒಳಗೇ ಇರುವುದರಿಂದ ಕಾಲೇಜಿನ ಪ್ರಾಜೆಕ್ಟಿನಿಂದ ತೋಟದ ಮೋಟಾರಿನವರೆಗೆ ಎಲ್ಲ ಕಡೆ ಇದೇ ಸಿಗುತ್ತದೆ. ಬೇರೆ ಹೇಳದಿದ್ದಲ್ಲಿ, ಉತ್ತರಗಳು 30 ಪಿನ್ನಿನ ಡೆವ್‌ಕಿಟ್ ವಿ1 ಬೋರ್ಡಿಗೆ ಮತ್ತು ಕೋಡ್ ಬರೆದು ಬೋರ್ಡಿಗೆ ಇಳಿಸುವ ತಂತ್ರಾಂಶವಾದ ಆರ್ಡುಯಿನೊ ಐಡಿಇ 2ಕ್ಕೆ ಅನ್ವಯಿಸುತ್ತವೆ.

ಪ್ರಶ್ನೆ: ಬೋರ್ಡನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಕೆಂಪು ದೀಪ ಹತ್ತುತ್ತದೆ. ಆದರೆ ಆರ್ಡುಯಿನೊದ ಪೋರ್ಟ್ ಪಟ್ಟಿ ಖಾಲಿ. ಗೆಳತಿಯ ಉಬುಂಟು ಲ್ಯಾಪ್‌ಟಾಪ್‌ನಲ್ಲೂ ಅದೇ ಕತೆ. ಬೋರ್ಡ್ ಕೆಟ್ಟಿದೆಯೇ?
— ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ದೀಪ ಹತ್ತಿದರೆ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಮೊದಲು ಕೇಬಲ್ ಬದಲಿಸಿ. ಪವರ್ ಬ್ಯಾಂಕ್, ಟ್ರಿಮ್ಮರ್ ಜೊತೆ ಬರುವ ಮೈಕ್ರೊ ಯುಎಸ್‌ಬಿ ಕೇಬಲುಗಳಲ್ಲಿ ಎಷ್ಟೋ ಸಲ ಪ್ಲಸ್ಸು, ಗ್ರೌಂಡು ಎರಡೇ ತಂತಿ. ಡೇಟಾ ತಂತಿ ಇರುವುದೇ ಇಲ್ಲ. ಅದೇ ಕೇಬಲಿನಲ್ಲಿ ಹಳೆಯ ಫೋನಿನ ಫೋಟೊ ಲ್ಯಾಪ್‌ಟಾಪ್‌ಗೆ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಆ ಕೇಬಲನ್ನು ಚಾರ್ಜಿಂಗಿಗೆ ಇಟ್ಟುಕೊಳ್ಳಿ.

ಕೇಬಲ್ ಸರಿಯಿದ್ದರೆ ಯುಎಸ್‌ಬಿ ಕಿಂಡಿಯ ಪಕ್ಕದ ಪುಟ್ಟ ಚೌಕದ ಚಿಪ್ಪಿನ ಮೇಲೇನು ಬರೆದಿದೆ ನೋಡಿ. ಸಿಪಿ2102 ಇದ್ದರೆ ಸಿಲಿಕಾನ್ ಲ್ಯಾಬ್ಸ್‌ನ ಡ್ರೈವರ್ ಬೇಕು, ಸಿಎಚ್340 ಇದ್ದರೆ ಡಬ್ಲ್ಯುಸಿಎಚ್ ಕಂಪನಿಯದು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಕಂಡರೆ ಡ್ರೈವರ್ ಇಲ್ಲ ಎಂದರ್ಥ. ಏನೂ ಕಾಣದಿದ್ದರೆ ಮತ್ತೆ ಕೇಬಲಿನ ಮೇಲೇ ಅನುಮಾನ ಪಡಬೇಕು.

ಉಬುಂಟುವಿಗೆ ಡ್ರೈವರ್ ಬೇಕಿಲ್ಲ, ಅಲ್ಲಿನ ತೊಡಕು ಬೇರೆ. 22.04 ಆವೃತ್ತಿಯಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಮೊದಲೇ ಇರುತ್ತದೆ. ಅಂಧರು ಬಳಸುವ ಬ್ರೈಲ್ ಫಲಕಕ್ಕೆಂದು ಮಾಡಿದ್ದು. ಅದು ಸಿಎಚ್340ನ್ನು ಬ್ರೈಲ್ ಫಲಕವೆಂದು ತಿಳಿದು ಹಿಡಿದುಕೊಂಡುಬಿಡುತ್ತದೆ. ಪೋರ್ಟ್ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಆ ಮನೆಯಲ್ಲಿ ಬ್ರೈಲ್ ಫಲಕ ಬಳಸುವವರಿಲ್ಲದಿದ್ದರೆ ಆ ಪ್ಯಾಕೇಜನ್ನು ತೆಗೆದುಹಾಕಿ. ಆಮೇಲೂ ‘ಪರ್ಮಿಷನ್ ಡಿನೈಡ್’ ಬಂದರೆ ಬಳಕೆದಾರರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಹಲವರು ಈ ಲಾಗ್‌ಔಟನ್ನೇ ಮರೆಯುತ್ತಾರೆ.

ಪೋರ್ಟ್ ಕಂಡ ಮೇಲೆ ಬೋರ್ಡ್ಸ್ ಮ್ಯಾನೇಜರಿನಲ್ಲಿ ಇಎಸ್‌ಪಿ32 ಎಂದು ಹುಡುಕಿ. ಆರ್ಡುಯಿನೊ ಕಂಪನಿಯ ಹೆಸರಿನ ಪ್ಯಾಕೇಜ್ ಕಂಡರೆ ಅದು ಅವರದೇ ನ್ಯಾನೊ ಇಎಸ್‌ಪಿ32ಕ್ಕೆ; ನಿಮಗೆ ಬೇಕಾದ್ದು ‘ಎಸ್ಪ್ರೆಸಿಫ್ ಸಿಸ್ಟಮ್ಸ್’ ಎಂದಿರುವುದು. ಅದು ಪಟ್ಟಿಯಲ್ಲೇ ಇಲ್ಲದಿದ್ದರೆ ಎಸ್ಪ್ರೆಸಿಫ್ ದಾಖಲೆಯಲ್ಲಿರುವ ಜೇಸನ್ ಕಡತದ ವಿಳಾಸವನ್ನು ಪ್ರಿಫರೆನ್ಸಸ್‌ನ ಕೆಳಗಿನ ಖಾನೆಗೆ ಅಂಟಿಸಿ. ಬೋರ್ಡಿನ ಹೆಸರು ‘ಇಎಸ್‌ಪಿ32 ಡೆವ್ ಮಾಡ್ಯೂಲ್’ ಇರಲಿ, ಸೀರಿಯಲ್ ಮಾನಿಟರ್ ವೇಗ 115200. ಅಲ್ಲಿ 9600 ಬಿಟ್ಟರೆ ಚಿತ್ರಲಿಪಿ ಬರುತ್ತದೆ.

ಪ್ರಶ್ನೆ: ಅಪ್‌ಲೋಡ್ ಒತ್ತಿದರೆ ‘ಕನೆಕ್ಟಿಂಗ್’ ಎಂದು ಚುಕ್ಕಿಗಳು ಓಡುತ್ತವೆ, ಕೊನೆಗೆ ‘ಫೇಲ್ಡ್’. ನಾಲ್ಕು ಸಲಕ್ಕೆ ಒಂದು ಸಲ ತಾನಾಗಿ ಇಳಿಯುತ್ತದೆ.
— ಓದುಗರು, ಹುಬ್ಬಳ್ಳಿ

ಚುಕ್ಕಿ ಓಡುವಾಗ ಬೋರ್ಡಿನ ‘ಬೂಟ್’ ಗುಂಡಿ ಒತ್ತಿ ಹಿಡಿಯಿರಿ, ಬರೆಯುವ ಶೇಕಡಾವಾರು ಕಾಣಿಸಿಕೊಂಡ ಮೇಲೆ ಬಿಡಿ. ಅದಕ್ಕೂ ಜಗ್ಗದಿದ್ದರೆ ಬೂಟ್ ಹಿಡಿದುಕೊಂಡೇ ‘ಇಎನ್’ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಬೂಟ್ ಬಿಡಿ. ರೀಸೆಟ್ ಆಗುವ ಗಳಿಗೆಯಲ್ಲಿ ಜಿಪಿಐಒ 0 (ಬೂಟ್ ಗುಂಡಿ ಸೇರಿರುವ ಪಿನ್) ಕೆಳಮಟ್ಟದಲ್ಲಿದ್ದರೆ ಮಾತ್ರ ಚಿಪ್ಪು ಹೊಸ ಕೋಡ್ ತೆಗೆದುಕೊಳ್ಳಲು ಸಿದ್ಧವಾಗುತ್ತದೆ. ಬೋರ್ಡಿನ ಮೇಲಿರುವ ಎರಡು ಟ್ರಾನ್ಸಿಸ್ಟರು ಇದನ್ನು ತಾವೇ ಮಾಡಬೇಕು. ಕೆಲವು ಬೋರ್ಡುಗಳಲ್ಲಿ ಇಎನ್ ಪಿನ್ ತೀರ ಬೇಗ ಮೇಲೇರಿ ಲೆಕ್ಕ ತಪ್ಪುತ್ತದೆ. ಇಎನ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ (ಪ್ಲಸ್ ಕಾಲು ಇಎನ್ ಕಡೆ) ಈ ಕಾಟ ನಿಲ್ಲುತ್ತದೆ.

ಅಪ್‌ಲೋಡ್ ಮಾಡುವಾಗ ಜಿಪಿಐಒ 0, 2, 12ಕ್ಕೆ ಏನನ್ನೂ ಸಿಕ್ಕಿಸಿರಬೇಡಿ. ಅರ್ಧ ಇಳಿದು ನಿಂತರೆ ಅಪ್‌ಲೋಡ್ ವೇಗವನ್ನು 921600ರಿಂದ 115200ಕ್ಕೆ ಇಳಿಸಿ. ಉದ್ದ ಕೇಬಲಿಗೆ ಆ ವೇಗ ತಾಳುವುದಿಲ್ಲ.

ಪ್ರಶ್ನೆ: ‘ಬ್ಲೂಟೂತ್‌ಸೀರಿಯಲ್’ ಲೈಬ್ರರಿಯ ಉದಾಹರಣೆ ಕೋಡ್ ಕಂಪೈಲ್ ಆಗುವುದೇ ಇಲ್ಲ. ಅಂಗಡಿಯವರು ಹೊಸ ಮಾದರಿ, ಇನ್ನೂ ಒಳ್ಳೆಯದು ಎಂದು ಇಎಸ್‌ಪಿ32-ಸಿ3 ಕೊಟ್ಟರು. ಇದರಲ್ಲಿ ಬ್ಲೂಟೂತ್ ಇಲ್ಲವೇ?
— ಬಿ.ಇ. ವಿದ್ಯಾರ್ಥಿ, ಬೆಂಗಳೂರು

ಇದೆ, ನಿಮಗೆ ಬೇಕಾದ ಬಗೆಯದಿಲ್ಲ. ಬ್ಲೂಟೂತ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಹಳೆಯದು ಕ್ಲಾಸಿಕ್, ತಂತಿಯಿಲ್ಲದ ಸೀರಿಯಲ್ ಪೋರ್ಟಿನ ಹಾಗೆ ಕೆಲಸ ಮಾಡುತ್ತದೆ. ಎಚ್‌ಸಿ-05 ಮಾಡ್ಯೂಲ್ ಬಳಸಿದವರಿಗೆ ಪರಿಚಯವಿರುವುದು ಇದೇ. ಇನ್ನೊಂದು ಬಿಎಲ್‌ಇ, ಅಂದರೆ ಕಡಿಮೆ ವಿದ್ಯುತ್ ತಿನ್ನುವ ಬ್ಲೂಟೂತ್. ಬ್ಲೂಟೂತ್‌ಸೀರಿಯಲ್ ಲೈಬ್ರರಿಗೆ ಕ್ಲಾಸಿಕ್ಕೇ ಬೇಕು. ಅದಿರುವುದು 2016ರ ಮೂಲ ಇಎಸ್‌ಪಿ32ರಲ್ಲಿ. ಅಲ್ಲಿ ಎರಡೂ ಇವೆ, ಬ್ಲೂಟೂತ್ 4.2. ಎಸ್3, ಸಿ3, ಸಿ6 ಇವುಗಳಲ್ಲಿ ಬಿಎಲ್‌ಇ ಮಾತ್ರ. ಎಸ್2ರಲ್ಲಂತೂ ಬ್ಲೂಟೂತೇ ಇಲ್ಲ. ಹೆಸರಿನ ಕೊನೆಯ ಎರಡು ಅಕ್ಷರ ನೋಡದೆ ಎಸ್.ಪಿ. ರಸ್ತೆಯಿಂದ ಎಸ್2 ತಂದು ಫೋನಿನಲ್ಲಿ ಹುಡುಕುತ್ತ ಕೂತರೆ ಸಂಜೆಯಾದೀತು.

ಸಿ3 ಕೆಟ್ಟ ಆಯ್ಕೆಯೇನಲ್ಲ. ಕೋಡನ್ನು ಬಿಎಲ್‌ಇಗೆ ಬದಲಿಸಿಕೊಳ್ಳಿ, ಐಫೋನ್ ಇರುವವರಿಗೂ ಉಪಯೋಗವಾಗುತ್ತದೆ. ಕ್ಲಾಸಿಕ್ ಸೀರಿಯಲ್ಲಿಗೆ ಆಪಲ್‌ನ ಪರವಾನಗಿ ಬೇಕಾದ್ದರಿಂದ ಐಫೋನ್ ಅದರ ಜೊತೆ ಮಾತಾಡುವುದೇ ಇಲ್ಲ. ಪ್ರಾಜೆಕ್ಟಿಗೆ ಕ್ಲಾಸಿಕ್ ಬೇಕೇ ಬೇಕೆಂದಿದ್ದರೆ ಬೋರ್ಡ್ ಬದಲಿಸುವುದೊಂದೇ ದಾರಿ.

ಸಿ3ಯಲ್ಲಿ ಎಡವುವ ಜಾಗ ಇನ್ನೊಂದಿದೆ. ಹಲವು ಚಿಕ್ಕ ಸಿ3 ಬೋರ್ಡುಗಳಲ್ಲಿ ಬೇರೆ ಯುಎಸ್‌ಬಿ ಚಿಪ್ಪಿಲ್ಲ, ಮೂಲ ಚಿಪ್ಪೇ ಯುಎಸ್‌ಬಿ ಮಾತಾಡುತ್ತದೆ. ಹಾಗಾಗಿ ಟೂಲ್ಸ್ ಮೆನುವಿನಲ್ಲಿ ‘ಯುಎಸ್‌ಬಿ ಸಿಡಿಸಿ ಆನ್ ಬೂಟ್’ ಅನ್ನು ಎನೇಬಲ್ ಮಾಡದಿದ್ದರೆ ಕೋಡ್ ಓಡುತ್ತಿದ್ದರೂ ಸೀರಿಯಲ್ ಮಾನಿಟರಿನಲ್ಲಿ ಒಂದಕ್ಷರ ಬಾರದು.

ಪ್ರಶ್ನೆ: ನೀರಿನ ಟ್ಯಾಂಕಿಗೆ ಬಿಎಲ್‌ಇ ಕೋಡ್ ಬರೆದಿದ್ದೇನೆ. ಮೂರು ತೊಂದರೆ. ಫೋನ್ ಒಮ್ಮೆ ಸಂಪರ್ಕ ಕಡಿದರೆ ಮತ್ತೆ ಬೋರ್ಡ್ ಕಾಣುವುದಿಲ್ಲ. ‘ನೀರು ಖಾಲಿ’ ಎಂದು ಕಳಿಸಿದರೆ ‘ನೀರು ಖಾ’ ಬಂದು ಪಕ್ಕದಲ್ಲಿ ಪ್ರಶ್ನೆ ಗುರುತು ಬರುತ್ತದೆ. ಬೋರ್ಡಿಗೆ ‘ತೋಟದ ಮೋಟಾರ್’ ಎಂದು ಹೆಸರಿಟ್ಟರೆ ಹೆಸರೇ ಸರಿಯಾಗಿ ಬರುವುದಿಲ್ಲ.
— ಓದುಗರು, ಶಿರಸಿ

ಮೊದಲನೆಯದು ಸುಲಭ. ಫೋನ್ ಜೋಡಿಯಾದ ಕೂಡಲೇ ಬೋರ್ಡು ‘ನಾನಿಲ್ಲಿದ್ದೇನೆ’ ಎಂದು ಸಾರುವುದನ್ನು, ಅಂದರೆ ಅಡ್ವರ್ಟೈಸಿಂಗನ್ನು, ನಿಲ್ಲಿಸುತ್ತದೆ. ಸಂಪರ್ಕ ಕಡಿದ ಮೇಲೆ ಅದನ್ನು ಮತ್ತೆ ಶುರು ಮಾಡುವುದು ನಿಮ್ಮ ಕೋಡಿನ ಹೊಣೆ. ‘ಆನ್ ಡಿಸ್ಕನೆಕ್ಟ್’ ಕಾಲ್‌ಬ್ಯಾಕಿನಲ್ಲಿ ಒಂದು ಗುರುತು ಹಾಕಿಕೊಂಡು, ಲೂಪಿನೊಳಗೆ ಆ ಗುರುತು ನೋಡಿ 500 ಮಿಲಿಸೆಕೆಂಡ್ ಬಿಟ್ಟು ‘ಸ್ಟಾರ್ಟ್ ಅಡ್ವರ್ಟೈಸಿಂಗ್’ ಕರೆಯಿರಿ. ಕಾಲ್‌ಬ್ಯಾಕಿನ ಒಳಗೇ ಡಿಲೇ ಹಾಕಬೇಡಿ, ಬ್ಲೂಟೂತ್ ಕೆಲಸವೇ ತಡೆಯುತ್ತದೆ.

ಎರಡನೆಯದು ಕನ್ನಡದವರಿಗೇ ಬರುವ ತೊಂದರೆ, ಇಂಗ್ಲಿಷಿನಲ್ಲಿ ಕಳಿಸುವವರಿಗೆ ಗೊತ್ತೇ ಆಗುವುದಿಲ್ಲ. ಬಿಎಲ್‌ಇಯ ಮೂಲ ಕಟ್ಟು 23 ಬೈಟು. ಅದರಲ್ಲಿ 3 ಬೈಟು ತಲೆಬರಹಕ್ಕೆ ಹೋಗಿ ಒಂದು ನೋಟಿಫಿಕೇಶನ್ನಿಗೆ ಉಳಿಯುವುದು 20. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟು, ಕನ್ನಡದಲ್ಲಿ ಅಕ್ಷರಕ್ಕೂ ಅದರ ಗುಣಿತ ಚಿಹ್ನೆಗೂ ತಲಾ 3. ‘ನೀರು’ ಎಂದರೆ ನ, ಈತ್ವ, ರ, ಉತ್ವ ಸೇರಿ 12 ಬೈಟು. ಖಾಲಿ ಜಾಗ 1. ‘ಖಾಲಿ’ ಮತ್ತೆ 12. ಒಟ್ಟು 25. ಇಪ್ಪತ್ತಕ್ಕೆ ಕತ್ತರಿಸಿದಾಗ ‘ಖಾ’ ದಾಟಿ ‘ಲ’ದ ಮೂರು ಬೈಟಿನಲ್ಲಿ ಒಂದು ಮಾತ್ರ ಹೋಗುತ್ತದೆ. ನೀವು ನೋಡಿದ ಪ್ರಶ್ನೆ ಗುರುತು ಆ ಮೂರನೇ ಒಂದು ಪಾಲಿನ ‘ಲ’.

ಫೋನಿನ ಆ್ಯಪಿನಿಂದ ಎಂಟಿಯು (ಒಂದು ಕಟ್ಟಿನ ಗರಿಷ್ಠ ಅಳತೆ) 100 ಕೇಳಿ, ಬೋರ್ಡಿನ ಕೋಡಿನಲ್ಲೂ ‘ಸೆಟ್ ಎಂಟಿಯು’ ಕೊಟ್ಟರೆ ಇಡೀ ವಾಕ್ಯ ಬರುತ್ತದೆ. ಆ್ಯಪ್ ನಿಮ್ಮದೇ ಆಗಿದ್ದರೆ ಅದಕ್ಕಿಂತ ಒಳ್ಳೆಯ ಕ್ರಮ, ಬೋರ್ಡಿನಿಂದ 1, 2, 3 ಎಂಬ ಅಂಕಿ ಮಾತ್ರ ಕಳಿಸಿ ಕನ್ನಡವನ್ನು ಫೋನಿನಲ್ಲಿ ತೋರಿಸುವುದು.

ಹೆಸರಿನ ತೊಂದರೆಗೂ ಇದೇ ಲೆಕ್ಕ. ಸಾರುವ ಕಟ್ಟಿನಲ್ಲಿ 31 ಬೈಟು. ಫ್ಲಾಗ್‌ಗಳಿಗೆ 3, ಸೇವೆಯ ಗುರುತಿನ ಸಂಖ್ಯೆಯಾದ 128 ಬಿಟ್ಟಿನ ಯುಯುಐಡಿಗೆ 18 ಹೋದರೆ 10 ಉಳಿಯಿತು. ತಲೆಬರಹದ 2 ಕಳೆದರೆ ಹೆಸರಿಗೆ 8. ‘ಮನೆ’ ಎಂಬ ಎರಡಕ್ಷರದ ಹೆಸರಿಗೇ 9 ಬೇಕು! ಆದ್ದರಿಂದ ಹೆಸರನ್ನು ಸ್ಕ್ಯಾನ್ ರೆಸ್ಪಾನ್ಸ್ ಎಂಬ ಎರಡನೇ ಕಟ್ಟಿಗೆ ಹಾಕಬೇಕು. ಅಲ್ಲಿ 29 ಸಿಗುತ್ತದೆ. ‘ತೋಟದ ಮೋಟಾರ್’ 31 ಆಗುತ್ತದೆ. ಒಂದು ‘ದ’ ಬಿಟ್ಟು ‘ತೋಟ ಮೋಟಾರ್’ ಎಂದಿಟ್ಟರೆ 28, ಸರಿಯಾಗಿ ಕೂರುತ್ತದೆ.

ಫೋನಿನ ಸೆಟ್ಟಿಂಗ್ಸಿನ ಬ್ಲೂಟೂತ್ ಪಟ್ಟಿಯಲ್ಲಿ ಹುಡುಕಬೇಡಿ. ಬಿಎಲ್‌ಇ ಸಾಧನ ಅಲ್ಲಿ ಕಾಣಬೇಕೆಂದೇನಿಲ್ಲ, ಪೇರ್ ಮಾಡುವ ಅಗತ್ಯವೂ ಇಲ್ಲ. ಪರೀಕ್ಷೆಗೆ ನಾರ್ಡಿಕ್ ಕಂಪನಿಯ ‘ಎನ್‌ಆರ್‌ಎಫ್ ಕನೆಕ್ಟ್’ ಆ್ಯಪ್ ಸಾಕು. ಆಂಡ್ರಾಯ್ಡ್ 6ರಿಂದ 11ರವರೆಗೆ ಲೊಕೇಶನ್ ಅನುಮತಿ ಕೊಡದಿದ್ದರೆ ಹುಡುಕಾಟ ಸುಮ್ಮನೆ ಖಾಲಿ ಬರುತ್ತದೆ.

ಪ್ರಶ್ನೆ: ಹಳೆಯ ವಿಡಿಯೊ ನೋಡಿ ಬರೆದ ಎಲ್‌ಇಡಿ ಮಂದ ಮಾಡುವ ಕೋಡ್ ಈಗ ಎರರ್ ಕೊಡುತ್ತಿದೆ.
— ಓದುಗರು, ಮಂಗಳೂರು

2024ರಲ್ಲಿ ಬಂದ 3.0 ಪ್ಯಾಕೇಜಿನಲ್ಲಿ ‘ಲೆಡ್‌ಸಿ ಸೆಟಪ್’, ‘ಲೆಡ್‌ಸಿ ಅಟ್ಯಾಚ್ ಪಿನ್’ ಎರಡನ್ನೂ ತೆಗೆದು ‘ಲೆಡ್‌ಸಿ ಅಟ್ಯಾಚ್’ ಎಂದು ಒಂದೇ ಮಾಡಿದ್ದಾರೆ. ಅದಕ್ಕೆ ಪಿನ್, ಆವರ್ತನ, ಬಿಟ್ ಸಂಖ್ಯೆ ಕೊಡಿ. ‘ಲೆಡ್‌ಸಿ ರೈಟ್’ಗೆ ಚಾನೆಲ್ ಬದಲು ಪಿನ್ ಕೊಡಿ. ಬಿಎಲ್‌ಇಯ ‘ಗೆಟ್ ವ್ಯಾಲ್ಯೂ’ ಕೂಡ ಈಗ ಆರ್ಡುಯಿನೊದ ಸ್ಟ್ರಿಂಗ್ ಕೊಡುತ್ತದೆ, ಹಳೆಯ ಸಿ++ ಸ್ಟ್ರಿಂಗ್ ಅಲ್ಲ. ತಿದ್ದಲು ಬೇಸರವಾದರೆ ಬೋರ್ಡ್ಸ್ ಮ್ಯಾನೇಜರಿನಲ್ಲಿ 2.0.17 ಆರಿಸಿಕೊಳ್ಳಿ.

ಪ್ರಶ್ನೆ: ಬ್ಲೂಟೂತ್ ಜೊತೆ ವೈಫೈ ಸೇರಿಸಿದ ಕೂಡಲೇ ‘ಸ್ಕೆಚ್ ಟೂ ಬಿಗ್’. ಚಿಪ್ಪಿನಲ್ಲಿ 4 ಎಂಬಿ ಇದೆಯಲ್ಲ?
— ಓದುಗರು, ಕಲಬುರಗಿ

ಇದೆ, ಆದರೆ ಗಾಳಿಯಲ್ಲೇ ಕೋಡ್ ಬದಲಿಸಲು ಅನುಕೂಲವಾಗಲೆಂದು ಜಾಗವನ್ನು ಪಾಲು ಮಾಡಿ ಒಂದೊಂದು ಪಾಲಿಗೆ 1310720 ಬೈಟು ಕೊಟ್ಟಿರುತ್ತಾರೆ. ಟೂಲ್ಸ್‌ನ ‘ಪಾರ್ಟಿಶನ್ ಸ್ಕೀಮ್’ನಲ್ಲಿ ‘ಹ್ಯೂಜ್ ಆ್ಯಪ್’ ಆರಿಸಿದರೆ 3 ಎಂಬಿ ಸಿಗುತ್ತದೆ. ಗಾಳಿಯಲ್ಲಿ ಕೋಡ್ ಇಳಿಸುವ ಸೌಲಭ್ಯ ಹೋಗುತ್ತದೆ. ಮೂಲ ಇಎಸ್‌ಪಿ32ರಲ್ಲಿ ‘ನಿಂಬಲ್’ ಲೈಬ್ರರಿಗೆ ಬದಲಾದರೆ ಫ್ಲಾಶೂ ರ‍್ಯಾಮೂ ಎರಡೂ ಉಳಿಯುತ್ತವೆ.

ಪ್ರಶ್ನೆ: ತೆಂಗಿನ ತೋಟದ ಬೋರ್‌ವೆಲ್ ಮೋಟಾರು ಮೂರು ಫೇಸಿನದು. ಫೋನಿನಿಂದ ಆನ್ ಮಾಡಲು ಇಎಸ್‌ಪಿ32 ಮತ್ತು ನೀಲಿ ರಿಲೇ ತಂದಿದ್ದೇನೆ. ರಿಲೇ ಎಳೆದ ಕೂಡಲೇ ‘ಬ್ರೌನ್‌ಔಟ್’ ಎಂದು ಬಂದು ಬೋರ್ಡ್ ರೀಸೆಟ್ ಆಗುತ್ತದೆ. ಬ್ರೌನ್‌ಔಟ್ ಆಫ್ ಮಾಡುವ ಸಾಲೊಂದು ಅಂತರ್ಜಾಲದಲ್ಲಿ ಸಿಕ್ಕಿದೆ, ಹಾಕಲೇ?
— ಕೃಷಿಕರು, ಚಿಕ್ಕನಾಯಕನಹಳ್ಳಿ

ಹಾಕಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ವೋಲ್ಟೇಜ್ ಕುಸಿದಿದೆ ಎಂದು ಚಿಪ್ಪು ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ಕುಸಿತ ನಿಲ್ಲುವುದಿಲ್ಲ. ರೇಡಿಯೊ ಕಳಿಸುವ ಕ್ಷಣಗಳಲ್ಲಿ ಚಿಪ್ಪು ನೂರಾರು ಮಿಲಿಆಂಪಿಯರ್ ಎಳೆಯುತ್ತದೆ, ರಿಲೇ ಸುರುಳಿಗೆ ಮೇಲೆ 70–80 ಬೇಕು. ರಿಲೇಯನ್ನು 3.3 ವೋಲ್ಟ್ ಪಿನ್ನಿನಿಂದ ತೆಗೆದು 5 ವೋಲ್ಟಿಗೆ ಹಾಕಿ, ಕನಿಷ್ಠ 1 ಆಂಪಿಯರಿನ ಒಳ್ಳೆಯ ಅಡಾಪ್ಟರ್ ಕೊಡಿ, 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ರಿಲೇ ಬೋರ್ಡಿನಲ್ಲಿ ‘ಜೆಡಿ-ವಿಸಿಸಿ’ ಜಂಪರ್ ಇದ್ದರೆ ಅದನ್ನು ಕಿತ್ತು, ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡಿ.

ಈಗ ಇದಕ್ಕಿಂತ ದೊಡ್ಡ ಮಾತು. ಆ ನೀಲಿ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. ಮೂರು ಫೇಸಿನ ಸ್ಟಾರ್ಟರಿನ ಸುರುಳಿ ಸಾಮಾನ್ಯವಾಗಿ ಎರಡು ಫೇಸಿನ ನಡುವೆ, ಅಂದರೆ 415 ವೋಲ್ಟಿನಲ್ಲಿ ಇರುತ್ತದೆ. ಆ ವೋಲ್ಟೇಜಿಗೆ ನೀಲಿ ರಿಲೇ ಮಾಡಿದ್ದಲ್ಲ. ನಡುವೆ 230 ವೋಲ್ಟ್ ಸುರುಳಿಯ, 415 ವೋಲ್ಟಿಗೆ ತಕ್ಕ ಕಾಂಟ್ಯಾಕ್ಟಿನ ಸಣ್ಣ ಕಾಂಟ್ಯಾಕ್ಟರ್ ಹಾಕಿ, ನೀಲಿ ರಿಲೇ ಅದನ್ನಷ್ಟೇ ಎಳೆಯಲಿ. ಅಂಥವು ಎರಡು ಬೇಕು. ಒಂದರ ತೆರೆದ ಕಾಂಟ್ಯಾಕ್ಟ್ ಹಸಿರು ಗುಂಡಿಗೆ ಸಮಾನಾಂತರವಾಗಿ, 1 ಸೆಕೆಂಡ್ ಮುಚ್ಚಿ ಬಿಡಲು. ಇನ್ನೊಂದರ ಮುಚ್ಚಿದ ಕಾಂಟ್ಯಾಕ್ಟ್ ಕೆಂಪು ಗುಂಡಿಯ ಸಾಲಿನಲ್ಲಿ, ನಿಲ್ಲಿಸಲು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ತಡೆಯುವ ಸಾಧನ ಇವನ್ನು ಬಿಟ್ಟು ದಾಟಿ ಹೋಗುವಂತೆ (ಬೈಪಾಸ್) ಯಾವ ಕಾರಣಕ್ಕೂ ವೈರಿಂಗ್ ಮಾಡಬೇಡಿ. ಪ್ಯಾನೆಲಿನ ಒಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ, ಮೇನ್ ತೆಗೆದು.

ಕರೆಂಟು ಹೋಗಿ ಬಂದಾಗ ಬೋರ್ಡು ಏಳುವಾಗಲೇ ರಿಲೇ ಟಕ್ ಎಂದರೆ ಮೋಟಾರು ತಾನಾಗಿ ಓಡೀತು. ಜಿಪಿಐಒ 5, 14, 15 ಏಳುವಾಗ ಸಿಗ್ನಲ್ ಉಗುಳುತ್ತವೆ, ಅವು ಬೇಡ. 25, 26, 27, 32, 33 ಒಳ್ಳೆಯವು. ಕೆಳಮಟ್ಟಕ್ಕೆ ಎಳೆಯುವ ರಿಲೇಯಾದರೆ ಸೆಟಪ್‌ನಲ್ಲಿ ಮೊದಲು ಪಿನ್ನನ್ನು ‘ಇನ್‌ಪುಟ್ ಪುಲ್‌ಅಪ್’ ಎಂದು ಘೋಷಿಸಿ, ‘ಹೈ’ ಬರೆದು, ಆಮೇಲೆ ಔಟ್‌ಪುಟ್ ಮಾಡಿ.

ಉದಾಹರಣೆ ಕೋಡಿನ ಬಿಎಲ್‌ಇಗೆ ಬೀಗವೇ ಇರುವುದಿಲ್ಲ. ಬೇಲಿಯಾಚೆ ನಿಂತ ಯಾರ ಫೋನಿನಿಂದಲೂ ಮೋಟಾರು ಆನ್ ಆಗುತ್ತದೆ. 6 ಅಂಕಿಯ ಪಾಸ್‌ಕೀ ಇಟ್ಟು, ಬರೆಯುವ ಅನುಮತಿ ಎನ್‌ಕ್ರಿಪ್ಟ್ ಆದ ಸಂಪರ್ಕಕ್ಕೆ ಮಾತ್ರ ಕೊಡಿ. ಇನ್ನೊಂದು: ತಗಡಿನ ಪೆಟ್ಟಿಗೆಯೊಳಗೆ ಬೋರ್ಡ್ ಇಟ್ಟರೆ ಸಿಗ್ನಲ್ ಹೊರಗೆ ಬರುವುದಿಲ್ಲ. ಬಯಲಿನಲ್ಲೂ ಕೆಲವು ಹತ್ತು ಮೀಟರಿನ ಆಟ ಇದು. ಮನೆಯಲ್ಲಿ ಕೂತು ತೋಟದ ಮೋಟಾರು ನಡೆಸಬೇಕೆಂದರೆ ಬ್ಲೂಟೂತ್ ಬಿಟ್ಟು ಜಿಎಸ್‌ಎಂ (ಮೊಬೈಲ್ ಜಾಲ) ಅಥವಾ ಲೋರಾ (ದೂರ ಹೋಗುವ ರೇಡಿಯೊ) ನೋಡಿ.

ಪ್ರಶ್ನೆ: ಶಾಲೆಯ ಟಿಂಕರಿಂಗ್ ಲ್ಯಾಬಿನಲ್ಲಿ ಮಣ್ಣಿನ ತೇವದ ಸೆನ್ಸರ್ ಜಿಪಿಐಒ 25ಕ್ಕೆ ಹಾಕಿದ್ದೇವೆ. ಬ್ಲೂಟೂತಿನಲ್ಲಿ ಸರಿಯಿತ್ತು, ವೈಫೈ ಸೇರಿಸಿದ ಮೇಲೆ ಓದುವುದಿಲ್ಲ. ಮಕ್ಕಳಿಗೆ ಮೈಕ್ರೊಪೈಥಾನ್ ಸುಲಭವೇ?
— ವಿಜ್ಞಾನ ಶಿಕ್ಷಕಿ, ಹಾಸನ

ಸೆನ್ಸರನ್ನು 32ರಿಂದ 39ರ ನಡುವಿನ ಪಿನ್ನಿಗೆ ಬದಲಿಸಿ. ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಈ ಚಿಪ್ಪಿನಲ್ಲಿ ಎರಡಿವೆ, 25 ಎರಡನೇ ಎಡಿಸಿಯದು. ವೈಫೈ ಓಡುವಾಗ ಆ ಎಡಿಸಿ ಅದರ ಪಾಲಾಗುತ್ತದೆ. 34ರಿಂದ ಮೇಲಿನವು ಓದಲು ಮಾತ್ರ, ಒಳಗೆ ಪುಲ್‌ಅಪ್ ಇಲ್ಲ. ಸ್ವಿಚ್ ಹಾಕಿದರೆ ಹೊರಗಿನಿಂದ 10 ಕಿಲೊಓಮ್ ಬೇಕು. 6ರಿಂದ 11 ಫ್ಲಾಶ್ ಚಿಪ್ಪಿನವು, ಮುಟ್ಟಬೇಡಿ. ಏಳುವಾಗ 12 ಮೇಲ್ಮಟ್ಟದಲ್ಲಿದ್ದರೆ ಫ್ಲಾಶಿಗೆ 3.3ರ ಬದಲು 1.8 ವೋಲ್ಟ್ ಹೋಗಿ ಬೋರ್ಡ್ ಏಳುವುದೇ ಇಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಬಳಸುವುದಿದ್ದರೆ ಅದರ ‘ಎಕೊ’ 5 ವೋಲ್ಟ್ ಕೊಡುತ್ತದೆ, ಈ ಚಿಪ್ಪಿಗೆ 3.3ರ ಮೇಲೆ ಆಗದು: ಎಕೊದಿಂದ 1 ಕಿಲೊಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೊಓಮ್, ನಡುವಿನ ಬಿಂದುವನ್ನು ಪಿನ್ನಿಗೆ ಕೊಡಿ.

ಮೈಕ್ರೊಪೈಥಾನ್ ಎಂದರೆ ಪೈಥಾನ್ ಭಾಷೆಯ ಪುಟ್ಟ ರೂಪ; ಮಕ್ಕಳಿಗೆ ಖಂಡಿತ ಸುಲಭ, ಒಂದು ಸಾಲು ಬರೆದು ಆಗಲೇ ಫಲ ನೋಡಬಹುದು. ಥಾನಿ ತಂತ್ರಾಂಶದಲ್ಲಿ ಟೂಲ್ಸ್, ಆಪ್ಷನ್ಸ್, ಇಂಟರ್‌ಪ್ರಿಟರ್ ಕಡೆ ಹೋದರೆ ಫರ್ಮ್‌ವೇರ್ ಹಾಕುವ ಕೊಂಡಿ ಇದೆ. ಕೈಯಾರೆ ಹಾಕುವವರು ಮೊದಲು ಫ್ಲಾಶ್ ಅಳಿಸಿ, ಮೂಲ ಇಎಸ್‌ಪಿ32ಕ್ಕೆ ಹೆಕ್ಸಿನ 1000ನೇ ವಿಳಾಸ (0x1000) ಕೊಡಬೇಕು, ಸಿ3, ಎಸ್3ಗಳಿಗೆ 0. ಇದು ಅದಲುಬದಲಾದರೆ ಬರೆದದ್ದೆಲ್ಲ ಸರಿಯಾಗಿ ಮುಗಿದಂತೆ ಕಂಡರೂ ಬೋರ್ಡ್ ಏಳುವುದಿಲ್ಲ. ಮೈಕ್ರೊಪೈಥಾನಿನಲ್ಲಿ ಕ್ಲಾಸಿಕ್ ಇಲ್ಲ, ಬಿಎಲ್‌ಇ ಮಾತ್ರ.

ಪ್ರಶ್ನೆ: 2500 ಮಿಲಿಆಂಪಿಯರ್-ಗಂಟೆಯ 18650 ಸೆಲ್ ಹಾಕಿ, ಡೀಪ್ ಸ್ಲೀಪ್ ಬರೆದು, 10 ನಿಮಿಷಕ್ಕೊಮ್ಮೆ 3 ಸೆಕೆಂಡ್ ಮಾತ್ರ ಎಬ್ಬಿಸುತ್ತೇನೆ. ಆದರೂ ಹತ್ತೇ ದಿನಕ್ಕೆ ಖಾಲಿ.
— ಓದುಗರು, ಮೈಸೂರು

ಚಿಪ್ಪು ಮಲಗಿದೆ, ಬೋರ್ಡು ಮಲಗಿಲ್ಲ. 3 ಸೆಕೆಂಡಿಗೆ 100 ಮಿಲಿಆಂಪಿಯರ್ ಎಂದುಕೊಂಡರೂ 600 ಸೆಕೆಂಡಿಗೆ ಹಂಚಿದಾಗ ಸರಾಸರಿ 0.5. ಮಲಗಿದ ಚಿಪ್ಪಿಗೆ ಸುಮಾರು 10 ಮೈಕ್ರೊಆಂಪಿಯರ್, ಲೆಕ್ಕಕ್ಕಿಲ್ಲ. ಆದರೆ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮ್ಮನೆ ಕೂತು ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ಕೆಂಪು ದೀಪ, ಯುಎಸ್‌ಬಿ ಚಿಪ್ಪು ಸೇರಿ 10ರ ಆಸುಪಾಸು ಆಗುತ್ತದೆ. 2500ನ್ನು 10.5ರಿಂದ ಭಾಗಿಸಿದರೆ 238 ಗಂಟೆ, ನಿಮ್ಮ ಹತ್ತು ದಿನ.

ಕೋಡಿನಲ್ಲಿ ಇದಕ್ಕೆ ಮದ್ದಿಲ್ಲ. ಬರಿಯ ವ್ರೂಮ್ ಮಾಡ್ಯೂಲ್ (ಬೋರ್ಡಿನ ಮೇಲೆ ಕೂತಿರುವ ಇಎಸ್‌ಪಿ32ರ ಭಾಗ ಮಾತ್ರ) ತಂದು ಎಚ್‌ಟಿ7333 ರೆಗ್ಯುಲೇಟರಿನಿಂದ 3.3 ವೋಲ್ಟ್ ಕೊಡಿ. ಅದು ಸುಮ್ಮನಿರುವಾಗ ತಿನ್ನುವುದು ಕೆಲವೇ ಮೈಕ್ರೊಆಂಪಿಯರ್. ಅದರ ಮಿತಿ 250 ಮಿಲಿಆಂಪಿಯರ್, ಬಿಎಲ್‌ಇಗೆ ಸಾಕು, ವೈಫೈಗೆ ಸಾಲದು. ಮಾಡ್ಯೂಲಿನ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್, ಇಎನ್ ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೊಓಮ್ ಹಾಕಿ. ಆಗ ಸರಾಸರಿ 0.52ರ ಸುತ್ತ ಬಂದು ಅದೇ ಸೆಲ್ ತಿಂಗಳುಗಟ್ಟಲೆ ಬಾಳುತ್ತದೆ. ಸೆಲ್ಲನ್ನು ನೇರವಾಗಿ 3.3ರ ಪಿನ್ನಿಗೆ ಹಾಕಬೇಡಿ: ತುಂಬಿದ ಸೆಲ್ 4.2 ವೋಲ್ಟ್, ಚಿಪ್ಪು ತಾಳುವುದು 3.6.